ಸಾವಿರ ಜೂಲ್‌ಗಳ ಗಡಿಯಾರ

ಜಪಾನಿನ ಕ್ಯಾಸಿಯೊ ಕಂಪನಿ 1989ರಲ್ಲಿ ಮಾರುಕಟ್ಟೆಗೆ ತಂದ ಎಫ್-91ಡಬ್ಲ್ಯು ಎಂಬ ಕೈಗಡಿಯಾರ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಕಪ್ಪು ಪ್ಲಾಸ್ಟಿಕ್ಕಿನ ಮೈ, ಅದೇ ಬಣ್ಣದ ಬೆಲ್ಟು, ಬೂದುಬಣ್ಣದ ಪುಟ್ಟ ಪರದೆ, ಎಡಕ್ಕೆ ಎರಡು ಗುಂಡಿ, ಬಲಕ್ಕೆ ಒಂದು. ತೂಕ 21 ಗ್ರಾಂ, ದಪ್ಪ ಎಂಟೂವರೆ ಮಿಲಿಮೀಟರ್. ಗಂಟೆ, ನಿಮಿಷ, ಸೆಕೆಂಡು, ವಾರ, ತಾರೀಖು ತೋರಿಸುತ್ತದೆ. ಒಂದು ಅಲಾರಂ ಇದೆ, ಬೇಕೆಂದರೆ ಗಂಟೆಗೊಮ್ಮೆ ಬೀಪ್ ಅನ್ನುತ್ತದೆ, ಸೆಕೆಂಡಿನ ನೂರನೇ ಒಂದು ಭಾಗವನ್ನು ಅಳೆಯುವ ಸ್ಟಾಪ್‌ವಾಚ್ ಇದೆ. ಅಷ್ಟೆ, ಇನ್ನೇನೂ ಇಲ್ಲ. ಇದನ್ನು ರೂಪಿಸಿದವರು ರ್ಯೂಸುಕೆ ಮೊರಿಯಾಯಿ. ಕ್ಯಾಸಿಯೊದಲ್ಲಿ ಅದು ಅವರ ಮೊದಲ ವಿನ್ಯಾಸ. ಬಿಡುಗಡೆಯಾಗಿ ಇಪ್ಪತ್ತೆರಡು ವರ್ಷ ಕಳೆದ ಮೇಲೂ, 2011ರಲ್ಲಿ, ವರ್ಷಕ್ಕೆ ಸುಮಾರು 30 ಲಕ್ಷ ವಾಚುಗಳು ತಯಾರಾಗುತ್ತಿವೆ ಎಂದು ಪತ್ರಿಕೆಗಳು ಬರೆದವು. ಈ ಅವಧಿಯಲ್ಲಿ ಪೇಜರ್, ಫ್ಲಾಪಿ, ಸಿ.ಡಿ. ಎಲ್ಲ ಮೂಲೆ ಸೇರಿದವು, ಮೊಬೈಲ್ ಫೋನು ಹತ್ತಾರು ಅವತಾರ ಎತ್ತಿತು. ಈ ವಾಚು ಮಾತ್ರ ಹೆಚ್ಚೂಕಡಿಮೆ ಹುಟ್ಟಿದ ರೂಪದಲ್ಲೇ ಉಳಿದಿದೆ. ಅದರ ಮೇಲೆ ಜನರಿಗಿರುವ ಪ್ರೀತಿಯೂ ಹಾಗೇ ಉಳಿದಿದೆ.

ಯಾಕೆ ಈ ಪ್ರೀತಿ ಎಂದು ಕೇಳಿದರೆ ತಟ್ಟನೆ ಸಿಗುವ ಉತ್ತರ: ಬಾಲ್ಯದ ನೆನಪು, ಹಳೆಯದರ ಮೋಹ. ಈ ಉತ್ತರ ಸಾಲದು ಎಂಬುದು ನನ್ನ ವಾದ. ಈ ಒಲವಿನ ಬೇರು ಬಹುಮಟ್ಟಿಗೆ ಭೌತವಿಜ್ಞಾನದಲ್ಲಿದೆ, ಇನ್ನೂ ನಿಖರವಾಗಿ ಹೇಳಬೇಕೆಂದರೆ ವಿದ್ಯುತ್ತಿನ ಲೆಕ್ಕದಲ್ಲಿದೆ. ಒಂದು ಯಂತ್ರ ತನ್ನ ಕೆಲಸಕ್ಕೆ ಎಷ್ಟು ಕಡಿಮೆ ಶಕ್ತಿ ಕೇಳುತ್ತದೋ ಅಷ್ಟೂ ಕಡಿಮೆ ಅದು ತನ್ನ ಒಡೆಯನನ್ನು ಕಾಡುತ್ತದೆ. ಕಾಡದ ವಸ್ತುವಿನ ಮೇಲೆ ಬೆಳೆಯುವ ಪ್ರೀತಿ ಭ್ರಮೆಯಲ್ಲ. ಅದು ಆ ವಸ್ತುವಿನ ಗುಣವನ್ನು ಕುರಿತು ಬಳಸುವವರು ವರ್ಷಗಳ ಅನುಭವದಿಂದ ಕೊಟ್ಟ ಸರಿಯಾದ ತೀರ್ಪು.

ಲೆಕ್ಕವನ್ನು ಮಾಡಿಯೇ ನೋಡೋಣ. ವಾಚಿನೊಳಗಿರುವುದು ಸಿಆರ್2016 ಎಂಬ ಲಿಥಿಯಂ ಬಿಲ್ಲೆ ಸೆಲ್: 20 ಮಿಲಿಮೀಟರ್ ಅಗಲ, 1.6 ಮಿಲಿಮೀಟರ್ ದಪ್ಪ, 3 ವೋಲ್ಟ್. ಅದರ ಸಾಮರ್ಥ್ಯ ಸುಮಾರು 90 ಮಿಲಿಆಂಪಿಯರ್-ಗಂಟೆ. ಈ ಒಂದು ಸೆಲ್ ಸುಮಾರು ಏಳು ವರ್ಷ ಬಾಳುತ್ತದೆ ಎಂದು ಕಂಪನಿ ಹೇಳುತ್ತದೆ. ಏಳು ವರ್ಷವೆಂದರೆ 61,000 ಗಂಟೆಗೂ ಹೆಚ್ಚು. 90ನ್ನು ಅದರಿಂದ ಭಾಗಿಸಿದರೆ ವಾಚು ಸರಾಸರಿ ಎಳೆದುಕೊಳ್ಳುವ ವಿದ್ಯುತ್ತು ಒಂದೂವರೆ ಮೈಕ್ರೋಆಂಪಿಯರ್, ಅಂದರೆ ಒಂದು ಆಂಪಿಯರಿನ ಹತ್ತು ಲಕ್ಷ ಭಾಗಗಳಲ್ಲಿ ಒಂದೂವರೆ ಭಾಗ. ಏಳು ವರ್ಷಕ್ಕೆ ಖರ್ಚಾಗುವ ಒಟ್ಟು ಶಕ್ತಿ ಸಾವಿರ ಜೂಲ್‌ನ ಒಳಗೇ. ಅಷ್ಟು ಶಕ್ತಿಯಿಂದ ಅರ್ಧ ಲೋಟ ನೀರನ್ನು, ಅಂದರೆ ನೂರು ಮಿಲಿಲೀಟರಿನಷ್ಟನ್ನು, ಕಾಯಿಸಹೊರಟರೆ ಅದರ ಬಿಸಿ ಎರಡು ಡಿಗ್ರಿ ಸೆಲ್ಸಿಯಸ್‌ಗಿಂತ ಚೂರು ಹೆಚ್ಚು ಏರೀತು; ಬೆರಳಿಟ್ಟರೆ ವ್ಯತ್ಯಾಸ ಗೊತ್ತಾಗುವುದೂ ಕಷ್ಟ. ಆ ಶಕ್ತಿಯಲ್ಲಿ ಈ ಯಂತ್ರ 22 ಕೋಟಿ ಸೆಕೆಂಡುಗಳನ್ನು ಒಂದೊಂದಾಗಿ ಎಣಿಸಿ, ಬರೆದು ತೋರಿಸುತ್ತದೆ. ಇದರ ಪಕ್ಕದಲ್ಲಿ ದಿನಕ್ಕೊಮ್ಮೆ ಚಾರ್ಜಿಗೆ ಹಾಕಬೇಕಾದ ಸ್ಮಾರ್ಟ್‌ವಾಚನ್ನು ಇಟ್ಟು ನೋಡಿದರೆ ಅದು ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು ವಿದ್ಯುತ್ತನ್ನು ಬಳಸುತ್ತದೆ.

ಇಷ್ಟು ಕಡಿಮೆಯಲ್ಲಿ ಸಾಗುವುದು ಹೇಗೆ? ಮೂರು ಬೇರೆ ಬೇರೆ ದಾರಿಗಳಲ್ಲಿ ಬಂದ ವಿದ್ಯೆಗಳು ಇಲ್ಲಿ ಕೂಡಿಕೊಂಡಿವೆ. ಮೊದಲನೆಯದು ಕ್ವಾರ್ಟ್ಜ್ ಹರಳು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು 1880ರಲ್ಲಿ ಫ್ರಾನ್ಸಿನ ಸೋದರರಾದ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ತೋರಿಸಿದರು. ವಿದ್ಯುತ್ತು ಕೊಟ್ಟರೆ ಅದೇ ಹರಳು ಮಣಿಯುತ್ತದೆ ಎಂಬುದು ಬಲುಬೇಗ ಖಚಿತವಾಯಿತು. 1927ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಾರೆನ್ ಮ್ಯಾರಿಸನ್ ಮತ್ತು ಜೋಸೆಫ್ ಹಾರ್ಟನ್ ಈ ಕಂಪನದಿಂದ ನಡೆಯುವ ಗಡಿಯಾರವನ್ನು ಕಟ್ಟಿದರು. ಅದು ಮುಂಗೈಗೆ ಇಳಿದದ್ದು 1969ರ ಡಿಸೆಂಬರ್ 25ರಂದು, ಸೈಕೊ ಕಂಪನಿಯ ಆಸ್ಟ್ರಾನ್ ವಾಚಿನಲ್ಲಿ. ಅದರ ಹರಳು ಸೆಕೆಂಡಿಗೆ 8,192 ಸಲ ಕಂಪಿಸುತ್ತಿತ್ತು, ಬೆಲೆ ನಾಲ್ಕೂವರೆ ಲಕ್ಷ ಯೆನ್. ನಮ್ಮ ಕ್ಯಾಸಿಯೊದಲ್ಲಿರುವ ಹರಳು ಕೆಲವೇ ಮಿಲಿಮೀಟರ್ ಉದ್ದದ ಶ್ರುತಿಕವೆಯ ಆಕಾರದ್ದು, ಪುಟ್ಟ ಲೋಹದ ಕೊಳವೆಯಲ್ಲಿ ಗಾಳಿಯಿಲ್ಲದೆ ಮುಚ್ಚಿಟ್ಟದ್ದು, ಸೆಕೆಂಡಿಗೆ 32,768 ಸಲ ಕಂಪಿಸುವಂಥದ್ದು. ಎರಡನ್ನು ಹದಿನೈದು ಸಲ ಗುಣಿಸುತ್ತ ಹೋದರೆ ಬರುವ ಸಂಖ್ಯೆ ಅದು; ಹದಿನೈದು ಸಲ ಅರ್ಧಮಾಡುತ್ತ ಬಂದರೆ ಸೆಕೆಂಡಿಗೆ ಸರಿಯಾಗಿ ಒಂದು ತಟ್ಟು ಉಳಿಯುತ್ತದೆ. ಇದಕ್ಕಿಂತ ನಿಧಾನವಾಗಿ ಕಂಪಿಸಬೇಕೆಂದರೆ ಹರಳು ದೊಡ್ಡದಾಗಬೇಕು, ಕಂಪನ ಮನುಷ್ಯರ ಕಿವಿಗೆ ಕೇಳುವ ಮಟ್ಟಕ್ಕೂ ಇಳಿಯುತ್ತದೆ. ಇದಕ್ಕಿಂತ ವೇಗವಾದರೆ ವಿದ್ಯುತ್ತಿನ ಖರ್ಚು ಏರುತ್ತದೆ.

ಎರಡನೆಯದು, ಹೀಗೆ ಅರ್ಧಮಾಡುವ ಚಿಪ್ಪು. 1963ರಲ್ಲಿ ಫ್ರ್ಯಾಂಕ್ ವಾನ್ಲಾಸ್ ರೂಪಿಸಿದ ಸಿಮಾಸ್ ಎಂಬ ಮಂಡಲದ ಹೆಚ್ಚುಗಾರಿಕೆ ಏನೆಂದರೆ, ಅದು ಸುಮ್ಮನಿರುವಾಗ ಹೆಚ್ಚೂಕಡಿಮೆ ವಿದ್ಯುತ್ತನ್ನೇ ಬಳಸುವುದಿಲ್ಲ; ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಮಗುಚುವ ಕ್ಷಣದಲ್ಲಿ ಮಾತ್ರ ಚೂರು ಬೇಕು. ಮೊದಲ ಹಂತಕ್ಕೆ ಸೆಕೆಂಡಿಗೆ 32,768 ತಟ್ಟು ಬರುತ್ತವೆ, ಎರಡನೆಯದಕ್ಕೆ ಅದರ ಅರ್ಧ, ಮೂರನೆಯದಕ್ಕೆ ಕಾಲು. ಹದಿನೈದು ಹಂತಗಳನ್ನೂ ಕೂಡಿದರೆ ಮೊದಲ ಹಂತದ ಎರಡರಷ್ಟೂ ಆಗುವುದಿಲ್ಲ. ಎಣಿಕೆ ಉದ್ದವಾದರೂ ಖರ್ಚು ಉದ್ದವಾಗದ ಈ ಗಣಿತ ನನಗೆ ಬಹಳ ಸುಂದರವಾಗಿ ಕಾಣುತ್ತದೆ.

ಮೂರನೆಯದೇ ಪರದೆ, ಮತ್ತು ಇಲ್ಲಿ ನಿಂತು ನೋಡಬೇಕಾದ್ದು ಬಹಳ ಇದೆ. ಮೊದಲ ಡಿಜಿಟಲ್ ಕೈಗಡಿಯಾರಗಳ ಅಂಕಿಗಳು ಉರಿಯುತ್ತಿದ್ದವು. 1972ರಲ್ಲಿ ಹ್ಯಾಮಿಲ್ಟನ್ ಕಂಪನಿ 2,100 ಡಾಲರಿಗೆ ಮಾರಿದ ಪಲ್ಸರ್ ವಾಚಿನಲ್ಲಿ ಕೆಂಪು ಎಲ್‌ಇಡಿ ಅಂಕಿಗಳಿದ್ದವು. ಅವು ಸದಾ ಉರಿದರೆ ಬ್ಯಾಟರಿ ಉಳಿಯುವಂತಿರಲಿಲ್ಲ, ಹಾಗಾಗಿ ಸಮಯ ತಿಳಿಯಲು ಗುಂಡಿ ಒತ್ತಬೇಕಿತ್ತು. ಒಂದು ಕೈಯಲ್ಲಿ ಚೀಲ ಹಿಡಿದವನು ಇನ್ನೊಂದು ಕೈಯ ವಾಚನ್ನು ನೋಡಲಾಗದಂತಹ ಏರ್ಪಾಟು ಅದು. ದ್ರವಹರಳು ಈ ತೊಡಕನ್ನು ಬೇರುಸಹಿತ ಕಿತ್ತಿತು. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಷ್ ರೈನಿಟ್ಸರ್ ಕೊಲೆಸ್ಟರಾಲ್‌ನ ಒಂದು ಸಂಯುಕ್ತ ಎರಡು ಬೇರೆ ಬೇರೆ ತಾಪಗಳಲ್ಲಿ ‘ಕರಗುವುದನ್ನು’ ಕಂಡಿದ್ದರು; ನಡುವಿನ ಮಬ್ಬು ಸ್ಥಿತಿಯೇ ದ್ರವಹರಳು. ಸುಮಾರು ಎಂಬತ್ತು ವರ್ಷ ಅದು ಪ್ರಯೋಗಾಲಯದ ಕುತೂಹಲವಾಗಿಯೇ ಇತ್ತು. 1970ರ ಸುಮಾರಿಗೆ ಸ್ವಿಟ್ಜರ್ಲೆಂಡಿನಲ್ಲಿ ಮಾರ್ಟಿನ್ ಶಾಡ್ಟ್ ಮತ್ತು ವೋಲ್ಫ್‌ಗಾಂಗ್ ಹೆಲ್ಫ್ರಿಷ್ ಅದರ ಅಣುಗಳನ್ನು ಎರಡು ಗಾಜುಗಳ ನಡುವೆ ತೊಂಬತ್ತು ಡಿಗ್ರಿ ತಿರುಚಿ ನಿಲ್ಲಿಸುವ ಉಪಾಯ ಕಂಡುಕೊಂಡರು. 1973ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ ಅವರ ತಂಡ ಕೋಣೆಯ ತಾಪದಲ್ಲೂ ಕೆಡದೆ ನಿಲ್ಲುವ ಸಂಯುಕ್ತಗಳನ್ನು ತಯಾರಿಸಿತು. ತಿರುಚಿ ನಿಂತ ಅಣುಗಳು ಬೆಳಕಿನ ಕಂಪನದ ದಿಕ್ಕನ್ನೂ ತಿರುಗಿಸುತ್ತವೆ, ಬೆಳಕು ಎರಡು ಧ್ರುವೀಕಾರಕ ಹಾಳೆಗಳನ್ನೂ ದಾಟಿ, ಹಿಂದಿನ ಪದರಕ್ಕೆ ಬಡಿದು ಮರಳುತ್ತದೆ, ಪರದೆ ಬೂದಾಗಿ ಕಾಣುತ್ತದೆ. ಒಂದು ಗೀಟಿಗೆ ವೋಲ್ಟೇಜ್ ಕೊಟ್ಟರೆ ಅಲ್ಲಿಯ ಅಣುಗಳು ನೆಟ್ಟಗಾಗುತ್ತವೆ, ಬೆಳಕು ಅಲ್ಲೇ ತಡೆದು ಗೀಟು ಕಪ್ಪಾಗುತ್ತದೆ. ವಾಚು ತಾನು ಬೆಳಕನ್ನು ಹುಟ್ಟಿಸುತ್ತಿಲ್ಲ, ಸುತ್ತ ಇರುವ ಬೆಳಕಿಗೆ ದಾರಿ ಬಿಡುವುದೋ ಅಡ್ಡಗಟ್ಟುವುದೋ ಅಷ್ಟೇ ಅದರ ಕೆಲಸ. ಫೋನಿನ ಪರದೆ ಮಂಕಾಗುವ ನಡುಹಗಲಿನ ಬಿಸಿಲಿನಲ್ಲೇ ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಈ ಕಾರಣಕ್ಕೆ. ಧ್ರುವೀಕರಿಸುವ ಗಾಜಿನ ತಂಪು ಕನ್ನಡಕ ಹಾಕಿಕೊಂಡು ವಾಚನ್ನು ನಿಧಾನವಾಗಿ ತಿರುಗಿಸಿದರೆ ಒಂದು ಕೋನದಲ್ಲಿ ಇಡೀ ಪರದೆ ಕಪ್ಪಾಗುತ್ತದೆ. ಮೇಲಿನ ಹಾಳೆಯ ಇರವಿಗೆ ಅದೇ ಸಾಕ್ಷಿ.

ಇನ್ನೂ ಹತ್ತಿರದಿಂದ ನೋಡಿದರೆ ವಿನ್ಯಾಸದ ಮಿತವ್ಯಯ ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯುತ್ತದೆ. ಒಂದೊಂದು ಅಂಕಿಯೂ ಏಳು ಗೀಟುಗಳಿಂದ ಆದದ್ದು. ನಿಮಿಷದ ಹತ್ತರ ಸ್ಥಾನದಲ್ಲಿ 0ಯಿಂದ 5ರವರೆಗಿನ ಅಂಕಿಗಳು ಮಾತ್ರ ಬರಬೇಕು. ಇವುಗಳಲ್ಲಿ 0, 2, 3, 5 ಬರೆಯಲು ಮೇಲಿನ ಅಡ್ಡಗೀಟೂ ಬೇಕು, ಕೆಳಗಿನ ಅಡ್ಡಗೀಟೂ ಬೇಕು; 1 ಮತ್ತು 4 ಬರೆಯಲು ಎರಡೂ ಬೇಡ. ಒಂದು ಬೇಕು ಇನ್ನೊಂದು ಬೇಡ ಎನ್ನುವ ಅಂಕಿ ಈ ಆರರಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಈ ವಾಚಿನಲ್ಲಿ ಆ ಎರಡು ಗೀಟುಗಳನ್ನು ಒಂದೇ ಸಂಪರ್ಕಕ್ಕೆ ಸೇರಿಸಿಬಿಟ್ಟಿದ್ದಾರೆ. ಗಂಟೆಯ ಹತ್ತರ ಸ್ಥಾನದಲ್ಲೂ ಹಾಗೇ: ಸ್ಟಾಪ್‌ವಾಚ್ ಓಡುವಾಗ ಅಲ್ಲಿ ನಿಮಿಷದ ಹತ್ತರ ಅಂಕಿ ಮೂಡುತ್ತದೆ, ಅದೂ 5ನ್ನು ದಾಟುವುದಿಲ್ಲ. ಬಲತುದಿಯ ಚಿಕ್ಕ ಅಂಕಿಗಳ ಜಾಗದಲ್ಲಿ ಸ್ಟಾಪ್‌ವಾಚ್ ನೂರನೇ ಭಾಗಗಳನ್ನು ತೋರಿಸಬೇಕು, 7 ಬಂದಾಗ ಮೇಲಿನ ಗೀಟು ಬೇಕು, ಕೆಳಗಿನದು ಬೇಡ. ಅಲ್ಲಿ ಈ ಉಳಿತಾಯಕ್ಕೆ ಎಡೆಯಿಲ್ಲ. ಅಗ್ಗದ ವಸ್ತುವೆಂದರೆ ಯೋಚನೆಯಿಲ್ಲದೆ ಮಾಡಿದ್ದು ಎಂದುಕೊಳ್ಳುವವರಿಗೆ ಈ ಎರಡು ಗೀಟುಗಳನ್ನು ತೋರಿಸಬೇಕು. ದ್ರವಹರಳಿನ ಕಥೆಯಲ್ಲಿ ಬೆಂಗಳೂರಿಗೂ ದೊಡ್ಡ ಪಾಲಿದೆ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿ ಕಡ್ಡಿಯಾಕಾರದ ಬದಲು ಬಿಲ್ಲೆಯಾಕಾರದ ಅಣುಗಳ ದ್ರವಹರಳನ್ನು ಕಂಡುಹಿಡಿದರು. ಓರೆಯಿಂದ ನೋಡಿದರೆ ಅಂಕಿ ಮಸುಕಾಗುವುದು ತಿರುಚು ಪರದೆಗಳ ಹುಟ್ಟುದೋಷ. ಮುಂದೆ ಕಂಪ್ಯೂಟರ್ ಪರದೆಗಳಲ್ಲಿ ಈ ದೋಷವನ್ನು ತಗ್ಗಿಸಿದ ಹಾಳೆಗಳನ್ನು ಮಾಡಿದ್ದು ಅಂಥ ಬಿಲ್ಲೆ ಅಣುಗಳಿಂದಲೇ. ಈ ವಾಚಿನಲ್ಲಿ ಆ ಹಾಳೆ ಇಲ್ಲ, ಇಷ್ಟು ಚಿಕ್ಕ ಪರದೆಗೆ ಬೇಕಾಗಿಯೂ ಇಲ್ಲ.

ಈಗ ಒಂದೂವರೆ ಮೈಕ್ರೋಆಂಪಿಯರಿಗೆ ಮರಳೋಣ. ಖರ್ಚು ಕಡಿಮೆಯಾದ್ದರಿಂದ ಸೆಲ್ ಚಿಕ್ಕದು. ಸೆಲ್ ಚಿಕ್ಕದಾದ್ದರಿಂದ ವಾಚು ಹಗುರ. ಎದೆಯೆತ್ತರಕ್ಕಿಂತ ಸ್ವಲ್ಪ ಮೇಲೆ, ಒಂದೂವರೆ ಮೀಟರಿನಿಂದ, 21 ಗ್ರಾಂ ತೂಕದ್ದು ಬಿದ್ದರೆ ನೆಲಕ್ಕೆ ಬಡಿಯುವ ಶಕ್ತಿ ಒಂದು ಜೂಲಿನ ಮೂರನೇ ಒಂದು ಭಾಗವೂ ಇಲ್ಲ; 200 ಗ್ರಾಮಿನ ಫೋನಾದರೆ ಅದರ ಹತ್ತರಷ್ಟು. ಒಳಗೆ ತಿರುಗುವ ಚಕ್ರವಿಲ್ಲ, ಅಲುಗುವ ಮುಳ್ಳಿಲ್ಲ. ಅಲಾರಂ ಕೂಗುವುದಕ್ಕೂ ಬೇರೆ ಸ್ಪೀಕರ್ ಇಲ್ಲ: ಬೆನ್ನಿನ ಮುಚ್ಚಳಕ್ಕೆ ಒಳಗಡೆ ಅಂಟಿಸಿದ ತೆಳುಬಿಲ್ಲೆಯೊಂದು ವಿದ್ಯುತ್ತಿಗೆ ಮಣಿದು ಮುಚ್ಚಳವನ್ನೇ ಅದುರಿಸುತ್ತದೆ, ಕ್ವಾರ್ಟ್ಜ್ ಹರಳಿನಲ್ಲಿ ಕಂಡ ಅದೇ ವಿದ್ಯಮಾನ. ಚಾರ್ಜಿಂಗ್ ಬೇಡವಾದ್ದರಿಂದ ಮೈಯಲ್ಲಿ ಅದಕ್ಕೆಂದು ತೂತಿಲ್ಲ, ಬೆವರು, ಮಳೆ, ಕೈತೊಳೆಯುವ ನೀರು ಒಳಗೆ ಹೋಗುವುದಿಲ್ಲ. ಇಂಟರ್‌ನೆಟ್ ಸಂಪರ್ಕ ಇಲ್ಲವಾದ್ದರಿಂದ ಹಳೆಯದಾಯಿತೆಂದು ಅದನ್ನು ಯಾರೂ ದೂರದಿಂದ ನಿಲ್ಲಿಸಲಾರರು. ನಾವು ಯಂತ್ರಗಳ ಮೇಲೆ ರೇಗುವ ಸಂದರ್ಭಗಳನ್ನು ಪಟ್ಟಿಮಾಡಿದರೆ ಬಹುಪಾಲು ಇವೇ: ಚಾರ್ಜ್ ಮುಗಿಯಿತು, ಬಿದ್ದು ಒಡೆಯಿತು, ನೀರು ಹೋಯಿತು, ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ ನಿಧಾನವಾಯಿತು. ಇಷ್ಟೂ ಇಲ್ಲಿ ಒಂದೇ ಮೂಲದಿಂದ ತಪ್ಪಿಹೋಗಿವೆ.

ನಿಖರತೆಯನ್ನೂ ಇಲ್ಲೇ ಹೇಳಬೇಕು. ತಿಂಗಳಿಗೆ 30 ಸೆಕೆಂಡು ಹಿಂದೆಮುಂದೆ ಆಗಬಹುದು ಎಂಬುದು ಕಂಪನಿಯ ಮಾತು. ದೂರಸಂಪರ್ಕದಿಂದ ಸಮಯ ತಿದ್ದಿಕೊಳ್ಳುವ ಫೋನು ಇದಕ್ಕಿಂತ ಎಷ್ಟೋ ಮೇಲು. ಶ್ರುತಿಕವೆಯ ಹರಳು ಸುಮಾರು 25 ಡಿಗ್ರಿಯಲ್ಲಿ ಸರಿಯಾಗಿ ನಡೆಯುವಂತೆ ಕತ್ತರಿಸಿರುತ್ತಾರೆ. ಅಲ್ಲಿಂದ ತಾಪ ಏರಿದರೂ ಇಳಿದರೂ ಅದು ನಿಧಾನವಾಗುತ್ತದೆ, ಅದೂ ಅಂತರದ ವರ್ಗಕ್ಕೆ ಅನುಗುಣವಾಗಿ. ಐದು ಡಿಗ್ರಿ ವ್ಯತ್ಯಾಸಕ್ಕೆ ತಿಂಗಳಿಗೆ ಎರಡು ಸೆಕೆಂಡು ಚಿಲ್ಲರೆ, ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಹೊರಗಿಟ್ಟರೆ ಸುಮಾರು ಒಂದು ನಿಮಿಷ. ಕಟ್ಟಿಕೊಂಡಾಗ ಮೈಶಾಖ ಆ ಹರಳನ್ನು ಹೆಚ್ಚು ಏರುಪೇರಿಲ್ಲದ ತಾಪದಲ್ಲಿ ಇಡುತ್ತದೆ. ಬಸ್ಸು ಹಿಡಿಯಲು, ಶಾಲೆಗೆ ಹೋಗಲು, ಮಾತ್ರೆ ನುಂಗಲು ಇದಕ್ಕಿಂತ ಹೆಚ್ಚಿನ ನಿಖರತೆ ಬೇಕಿಲ್ಲ.

ಇಲ್ಲಿಗೆ ಆಕ್ಷೇಪಗಳು ಬರುತ್ತವೆ, ಬರಬೇಕು. ಇದೆಲ್ಲ ಸರಿ, ಆದರೂ ಕಾರಣ ಹಳೆಯ ನೆನಪೇ ಎನ್ನಬಹುದು. ಆದರೆ 1989ರಲ್ಲಿ ಹುಟ್ಟಿಯೂ ಇರದವರು ಇವತ್ತು ಇದನ್ನು ಕೊಳ್ಳುತ್ತಿದ್ದಾರೆ. ಇಲ್ಲದ ಬಾಲ್ಯದ ನೆನಪು ಅವರಿಗೆ ಎಲ್ಲಿಂದ ಬಂದೀತು? ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮನೋವಿಜ್ಞಾನದ್ದು. ಒಂದು ವಸ್ತುವನ್ನು ಮತ್ತೆ ಮತ್ತೆ ಕಾಣುವುದರಿಂದಲೇ ಅದರ ಮೇಲೆ ಒಲವು ಬೆಳೆಯುತ್ತದೆ ಎಂದು ರಾಬರ್ಟ್ ಝಾಯಾನ್ಸ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದರು. ದಿನಕ್ಕೆ ಹತ್ತಾರು ಸಲ ನೋಡುವ ವಾಚಿನ ಮೇಲೆ ಪ್ರೀತಿ ಹುಟ್ಟುವುದರಲ್ಲಿ ಇದರ ಪಾಲು ಖಂಡಿತ ಇದೆ. ಆದರೆ ಬರೇ ನೋಟವೇ ಸಾಕಾಗಿದ್ದರೆ ನಾವು ಎಲ್ಲಕ್ಕಿಂತ ಹೆಚ್ಚು ನೋಡುವ ಫೋನನ್ನು ಎಲ್ಲಕ್ಕಿಂತ ಹೆಚ್ಚು ಪ್ರೀತಿಸಬೇಕಿತ್ತು, ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ಬದಲಿಸಲು ನಮಗೆ ಸಂಕಟವಾಗಬೇಕಿತ್ತು. ಹಾಗಾಗುತ್ತಿಲ್ಲ. ನೋಟ ಪ್ರೀತಿಯನ್ನು ಬೆಳೆಸಬೇಕಾದರೆ ಆ ನೋಟ ಕಿರಿಕಿರಿಯಿಲ್ಲದೆ ಮುಗಿಯಬೇಕು. ಅಗ್ಗ ಎಂಬ ಕಾರಣವೂ ನಿಲ್ಲುವುದಿಲ್ಲ. ಅಗ್ಗವಾಗಿರುವುದು ಕೊಳ್ಳಲು ಕಾರಣವಾದೀತು, ಉಳಿಸಿಕೊಳ್ಳಲು ಅಲ್ಲ. ಸಾಮಾನ್ಯವಾಗಿ ಅಗ್ಗದ್ದನ್ನೇ ನಾವು ಮೊದಲು ಎಸೆಯುವುದು. ಇನ್ನು ಕೆಲವು ಹವ್ಯಾಸಿಗಳು ಈ ವಾಚಿನ ಒಳಗಿನ ಮಂಡಲವನ್ನು ತೆಗೆದು, ಹೊಸ ಪ್ರೋಗ್ರಾಂ ಬರೆಯಬಹುದಾದ ಆಧುನಿಕ ಚಿಪ್ಪಿನ ಹಲಗೆಯನ್ನು ಕೂರಿಸುತ್ತಾರೆ. ಅವರೂ ಹಳೆಯ ಪರದೆ, ಹಳೆಯ ಗುಂಡಿ, ಅದೇ ಬಿಲ್ಲೆ ಸೆಲ್ಲನ್ನೇ ಉಳಿಸಿಕೊಳ್ಳುತ್ತಾರೆ, ಹೊಸ ಚಿಪ್ಪನ್ನು ಹಳೆಯ ಮಿತವ್ಯಯಕ್ಕೆ ಒಗ್ಗಿಸಲು ಹೆಣಗುತ್ತಾರೆ.

ಈ ವಾಚಿಗೆ ಒಂದು ಕರಾಳ ನಂಟೂ ಇದೆ. 2011ರಲ್ಲಿ ವಿಕಿಲೀಕ್ಸ್ ಮೂಲಕ ಹೊರಬಂದ ಗ್ವಾಂಟನಾಮೊ ಬಂದೀಖಾನೆಯ ಕಡತಗಳಲ್ಲಿ ಇದನ್ನು ಕಟ್ಟಿಕೊಂಡಿದ್ದುದನ್ನು ಅಲ್-ಖೈದಾದ ಬಾಂಬ್ ತರಬೇತಿಯ ಸುಳಿವೆಂದು ಅಮೆರಿಕದ ಸೇನೆ ಎಣಿಸಿತ್ತು. ಎಲ್ಲಿಯೂ ಸಿಗುವ, ಕೈಕೊಡದ ಕಾಲಮಾಪಕ ಕೇಡಿಗಳಿಗೂ ಬೇಕಾದೀತು ಎಂಬುದು ನಿಜ. ಆದರೆ ವರ್ಷಕ್ಕೆ ಲಕ್ಷಗಟ್ಟಲೆ ಮಾರಾಟವಾಗುವ ವಸ್ತು ಯಾರ ಮೇಲಿನ ಗುಮಾನಿಗೂ ಆಧಾರವಾಗಲಾರದು: ಕೇಡಿಗಳಲ್ಲಿ ಎಷ್ಟು ಮಂದಿ ಅದನ್ನು ಕಟ್ಟುತ್ತಾರೆ ಎಂದು ಕೇಳಿದರೆ ಸಾಲದು, ಕಟ್ಟಿದವರಲ್ಲಿ ಎಷ್ಟು ಮಂದಿ ಕೇಡಿಗಳು ಎಂದು ಕೇಳಬೇಕು. ಈ ಎರಡನೆಯ ಪ್ರಶ್ನೆಯನ್ನು ಬಿಟ್ಟದ್ದು ತರ್ಕದ ದೊಡ್ಡ ದೋಷ, ಅದರ ಬೆಲೆ ತೆತ್ತವರು ಮನುಷ್ಯರು.

ಸ್ಮಾರ್ಟ್‌ವಾಚ್ ಹೃದಯದ ಬಡಿತ ನೋಡುತ್ತದೆ, ಲಯ ತಪ್ಪಿದರೆ ಎಚ್ಚರಿಸುತ್ತದೆ, ಜೀವ ಉಳಿಸಬಲ್ಲದು ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದು ಬೇಕಾದವರು ಕಟ್ಟಿಕೊಳ್ಳಲೇಬೇಕು. ಅದು ಮುಂಗೈಯಲ್ಲಿ ಇರುವ ವೈದ್ಯಕೀಯ ಉಪಕರಣ, ಅದರ ಕೆಲಸಕ್ಕೆ ಹತ್ತು ಸಾವಿರ ಪಟ್ಟು ಶಕ್ತಿ ತಕ್ಕದ್ದೇ ಇರಬಹುದು. ನನ್ನ ತಕರಾರು ಇರುವುದು ಬರೇ ಸಮಯ ನೋಡುವವನಿಗೂ ಆ ಹೊರೆಯನ್ನು ಹೊರಿಸುವುದರ ಬಗ್ಗೆ. ಕ್ಯಾಸಿಯೊದಲ್ಲಿ ಕೊರತೆಗಳೂ ಇವೆ, ಅವನ್ನು ಮುಚ್ಚಿಡಬಾರದು. ಎಡಮೂಲೆಯ ಹಸಿರು ದೀಪ ಪರದೆಯ ಬಲಭಾಗವನ್ನು ಬೆಳಗುವುದೇ ಇಲ್ಲ ಎನ್ನಬೇಕು. ವರ್ಷದ ಲೆಕ್ಕ ಅದಕ್ಕಿಲ್ಲ, ಫೆಬ್ರವರಿಗೆ ಯಾವಾಗಲೂ 28 ದಿನ. ಅಧಿಕ ವರ್ಷದಲ್ಲಿ ತಾರೀಖನ್ನು ಕೈಯಿಂದ ತಿದ್ದಬೇಕು. ಮುಖದ ಮೇಲೆ ‘ವಾಟರ್ ರೆಸಿಸ್ಟ್’ ಎಂದು ಬರೆದಿದ್ದರೂ ಈಜಾಟಕ್ಕೆ ಮಾಡಿದ್ದಲ್ಲ. ನಿಜವಾದ ಒರಟು ಬಳಕೆಗೆಂದೇ ಅದೇ ಕಂಪನಿಯ ಕಿಕುವೊ ಇಬೆ 1983ರಲ್ಲಿ ತಂದ ಜಿ-ಶಾಕ್ ಬೇರೆಯೇ ಇದೆ. ಎಲ್ಲಕ್ಕಿಂತ ಮೊದಲು ಸೋಲುವುದು ಬೆಲ್ಟು. ಪ್ಲಾಸ್ಟಿಕ್ ಕಸದ ಪ್ರಶ್ನೆಯೂ ಇಲ್ಲಿಂದಲೇ ಏಳುತ್ತದೆ, ಅದು ಸರಿಯಾದ ಪ್ರಶ್ನೆ. ಉತ್ತರ ಬಳಸುವವರ ಕೈಯಲ್ಲಿದೆ: ಬೆಲ್ಟು ಬೇರೆಯಾಗಿ ಸಿಗುತ್ತದೆ, ಬೆನ್ನಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಸೆಲ್ ಬದಲಿಸಬಹುದು.

ಹಾಗಾಗಿ ಓದುಗರಲ್ಲಿ ಒಂದು ಮಾತು. ಮನೆಯಲ್ಲಿ ಪರದೆ ಖಾಲಿಯಾದ ಇಂಥ ವಾಚು ಬಿದ್ದಿದ್ದರೆ ಅದು ಕೆಟ್ಟಿದೆ ಎಂದುಕೊಂಡು ಎಸೆಯಬೇಡಿ; ಮುಗಿದಿರುವುದು ಬಹುತೇಕ ಸೆಲ್ ಮಾತ್ರ. ವಾಚ್ ರಿಪೇರಿಯವರ ಬಳಿ ಕೊಟ್ಟು ಹೊಸ ಸಿಆರ್2016 ಹಾಕಿಸಿ, ಮುಚ್ಚಳದ ಸುತ್ತಲಿನ ರಬ್ಬರ್ ಉಂಗುರ ಸರಿಯಾಗಿ ಕೂತಿದೆಯೇ ನೋಡಿಸಿ. ತೆಗೆದ ಸೆಲ್ಲನ್ನು ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ, ನುಂಗಿದರೆ ಅನ್ನನಾಳವನ್ನು ಸುಟ್ಟು ಪ್ರಾಣಕ್ಕೇ ಅಪಾಯ. ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ.